ವಯಸ್ಸಿನ ತಲೆಗೆ ಕಟ್ಟಿದ ಮರೆವು

ಮಂಗಳೂರಿನ ಕೊಡಿಯಾಲ್‌ಬೈಲ್‌ನಲ್ಲಿ ಕಾಯಿಲೆ ಬಿದ್ದವರಿಗೆ ಬೇಕಾದ್ದೆಲ್ಲ ನಡಿಗೆಯ ದೂರದಲ್ಲೇ ಉಂಟು. ಪಿ.ವಿ.ಎಸ್. ವೃತ್ತದಿಂದ ಯಾವ ಕಡೆ ಹೊರಟರೂ ಆಸ್ಪತ್ರೆ, ಲ್ಯಾಬ್, ಸ್ಕ್ಯಾನಿಂಗ್ ಸೆಂಟರ್, ಮೆಡಿಕಲ್ ಶಾಪ್. ಬಂಟ್ವಾಳ, ಪುತ್ತೂರು, ಕಾಸರಗೋಡು ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಬಂದವರು ಪ್ಲಾಸ್ಟಿಕ್ ಚೀಲದಲ್ಲಿ ಹಳೆಯ ರಿಪೋರ್ಟುಗಳನ್ನಿಟ್ಟುಕೊಂಡು ಟೋಕನ್ನಿಗೆ ಕಾಯುತ್ತಾರೆ. ಹೃದಯಕ್ಕೊಬ್ಬರು, ಶುಗರಿಗೊಬ್ಬರು, ಕಿಡ್ನಿಗೊಬ್ಬರು, ಹಲ್ಲಿಗೊಬ್ಬರು ಎಂದು ವೈದ್ಯರು ಇಡೀ ದೇಹವನ್ನು ಪಾಲು ಮಾಡಿಕೊಂಡಿದ್ದಾರೆ. ಮರೆವು ಮಾತ್ರ ಹೆಚ್ಚಿನ ಮನೆಗಳಲ್ಲಿ ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತುವುದಿಲ್ಲ. ಅಜ್ಜ ದೇವಸ್ಥಾನಕ್ಕೆ ಹೋದವರು ಮನೆಯ ದಾರಿ ತಿಳಿಯದೆ ನಿಂತರೆ, ಅಜ್ಜಿ ಊಟ ಮಾಡಿ ಕೈ ತೊಳೆದ ಮೇಲೆ ಊಟಕ್ಕೆ ಕರೆಯಲಿಲ್ಲವೆಂದು ಸಿಟ್ಟಾದರೆ, ಮನೆಯವರ ವಿವರಣೆ ಸಿದ್ಧವಾಗಿರುತ್ತದೆ: ಅರುವತ್ತಕ್ಕೆ ಅರಳು ಮರಳು. ಪ್ರಾಯ ಆಯಿತಲ್ಲ ಮಾರಾಯ್ರೇ, ಎಂತ ಮಾಡುದು?

ಈ ವಿವರಣೆಯಲ್ಲಿ ಎರಡು ತಪ್ಪುಗಳು ಒಂದಕ್ಕೊಂದು ಆನಿಕೊಂಡು ನಿಂತಿವೆ. ಮರೆವಿನ ಕಾಯಿಲೆಗೆ ವಯಸ್ಸೇ ಕಾರಣ, ಆದ್ದರಿಂದ ಮಾಡುವಂಥದ್ದೇನೂ ಇಲ್ಲ ಎನ್ನುವುದು ಒಂದು. ಅದು ತಲೆಯ ಕಾಯಿಲೆ, ಹೃದಯ-ರಕ್ತನಾಳಗಳಿಗೂ ಅದಕ್ಕೂ ಸಂಬಂಧವಿಲ್ಲ ಎನ್ನುವುದು ಇನ್ನೊಂದು. ಮೊದಲನೆಯದನ್ನು ನಂಬಿದವರು ಕೈಕಟ್ಟಿ ಕೂರುತ್ತಾರೆ. ಎರಡನೆಯದನ್ನು ನಂಬಿದವರು ಪದಬಂಧ ಬಿಡಿಸುತ್ತಾ, ಒಂದೆಲಗದ ಚಟ್ನಿ ತಿನ್ನುತ್ತಾ, ಬಿ.ಪಿ. ಮಾತ್ರೆಯನ್ನು ಮನಸ್ಸು ಬಂದಾಗ ನಿಲ್ಲಿಸುತ್ತಾರೆ. ಓದಿದವರು, ಓದದವರು ಎಂಬ ಭೇದ ಇದರಲ್ಲಿ ಹೆಚ್ಚೇನಿಲ್ಲ. ನಿವೃತ್ತ ಪ್ರೊಫೆಸರರೂ ಇದನ್ನೇ ನಂಬುತ್ತಾರೆ, ಸ್ವಲ್ಪ ಇಂಗ್ಲಿಷ್ ಬೆರೆಸಿ ಹೇಳುತ್ತಾರೆ ಅಷ್ಟೆ.

ಮೆಡಿಕಲ್ ಶಾಪಿನ ಕೌಂಟರಿನಲ್ಲಿ ಈ ನಂಬಿಕೆ ಹೇಗೆ ಮಾತಾಡುತ್ತದೆ ಎನ್ನುವುದನ್ನು ಯಾರು ಬೇಕಾದರೂ ಕೇಳಬಹುದು.

"ಬಿ.ಪಿ.ಯ ಮಾತ್ರೆ ಈ ತಿಂಗಳು ಬೇಡ, ಈಗ ನಾರ್ಮಲ್ ಉಂಟು."

"ನಿಲ್ಲಿಸ್ಲಿಕ್ಕೆ ಡಾಕ್ಟ್ರು ಹೇಳಿದ್ದಾರಾ?"

"ಇಲ್ಲ ಮಾರಾಯ್ರೇ, ತಲೆನೋವೆಲ್ಲ ಹೋಗಿದೆ. ಸುಮ್ಮನೆ ಎಂತಕ್ಕೆ ತಿನ್ನುದು? ಒಂದು ಬಾಟ್ಲಿ ಬ್ರಾಹ್ಮಿ ಕೊಡಿ, ಅಮ್ಮನಿಗೆ ಮರೆವು ಜೋರಾಗಿದೆ."

ಮಾತ್ರೆ ನುಂಗಿದ್ದರಿಂದಲೇ ನಾರ್ಮಲ್ ಆದದ್ದು ಎಂಬ ಸರಳ ಸಂಗತಿ ಇಲ್ಲಿ ಬಿಟ್ಟುಹೋಯಿತು. ಅದಕ್ಕಿಂತ ದೊಡ್ಡದೂ ಒಂದು ಬಿಟ್ಟುಹೋಯಿತು. ಐವತ್ತರ ಆಸುಪಾಸಿನ ಆ ಗಿರಾಕಿ ಅಮ್ಮನ ಮರೆವಿಗೆ ಟಾನಿಕ್ ಕೊಂಡರು, ತಮ್ಮ ಮುಂದಿನ ಮರೆವನ್ನು ತಡೆಯಬಹುದಾಗಿದ್ದ ಮಾತ್ರೆಯನ್ನು ಅದೇ ಕೌಂಟರಿನಲ್ಲಿ ಬಿಟ್ಟುಹೋದರು. ಜನೌಷಧಿ ಕೇಂದ್ರದಲ್ಲಿ ಕೆಲವೇ ರೂಪಾಯಿಗೆ ಸಿಗುವ ಮಾತ್ರೆಯದು.

ವಯಸ್ಸೇ ಕಾರಣ ಎನ್ನುವವರಿಗೆ ಮೊದಲು ಒಂದು ಲೆಕ್ಕ ತೋರಿಸಬೇಕು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಪಟ್ಟಣದಲ್ಲಿ 1948ರಿಂದ ಜನರ ಹೃದಯದ ಆರೋಗ್ಯವನ್ನು ತಲೆಮಾರಿನಿಂದ ತಲೆಮಾರಿಗೆ ಗಮನಿಸುತ್ತ ಬರಲಾಗಿದೆ. ಅಲ್ಲಿನ ಅರುವತ್ತು ದಾಟಿದವರಲ್ಲಿ ಎಷ್ಟು ಮಂದಿಗೆ ಹೊಸದಾಗಿ ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಬಂತು ಎಂಬ ಲೆಕ್ಕ 2016ರಲ್ಲಿ ಪ್ರಕಟವಾಯಿತು. 1970ರ ದಶಕದ ಕೊನೆಯಿಂದ 1980ರ ದಶಕದ ಆರಂಭದವರೆಗಿನ ಅವಧಿಯಲ್ಲಿ, ಐದು ವರ್ಷಗಳಲ್ಲಿ ನೂರಕ್ಕೆ 3.6 ಮಂದಿಗೆ ಕಾಯಿಲೆ ತಗಲಿತ್ತು. ಮೂರು ದಶಕಗಳ ನಂತರ ಅದು ನೂರಕ್ಕೆ 2ಕ್ಕೆ ಇಳಿದಿತ್ತು. ವಯಸ್ಸಿನ ವ್ಯತ್ಯಾಸವನ್ನು ಸರಿದೂಗಿಸಿ ಹಾಕಿದ ಲೆಕ್ಕವಿದು. ಇಂಗ್ಲೆಂಡಿನಲ್ಲೂ ಹೀಗೇ ಆಯಿತು. ಎರಡು ದಶಕಗಳ ಹಿಂದಿನ ದರವೇ ಉಳಿದಿದ್ದರೆ ಅರುವತ್ತೈದು ದಾಟಿದವರಲ್ಲಿ ಶೇ 8.3ರಷ್ಟು ಮಂದಿಗೆ ಡಿಮೆನ್ಶಿಯಾ ಇರಬೇಕಿತ್ತು. 2013ರಲ್ಲಿ ಪ್ರಕಟವಾದ ಸಮೀಕ್ಷೆಗೆ ಸಿಕ್ಕಿದ್ದು ಶೇ 6.5. ಅರುವತ್ತೈದು ಎಂದರೆ ಆಗಲೂ ಅರುವತ್ತೈದೇ, ಈಗಲೂ ಅರುವತ್ತೈದೇ. ವಯಸ್ಸೊಂದೇ ಅಪರಾಧಿಯಾಗಿದ್ದರೆ ಈ ಇಳಿಕೆ ಎಲ್ಲಿಂದ ಬಂತು?

ಫ್ರೇಮಿಂಗ್‌ಹ್ಯಾಮ್‌ನ ವರದಿಯಲ್ಲೇ ಇನ್ನೂ ಒಂದು ಮಾತಿದೆ. ಈ ಇಳಿಕೆ ಕಂಡದ್ದು ಕನಿಷ್ಠ ಹೈಸ್ಕೂಲು ಮುಗಿಸಿದವರಲ್ಲಿ ಮಾತ್ರ. ಅವರಲ್ಲೇ ರಕ್ತದೊತ್ತಡವೂ ಹತೋಟಿಗೆ ಬಂದಿತ್ತು. ಹೃದಯ ಸುಧಾರಿಸಿದ ಕಡೆ ತಲೆಯೂ ಉಳಿಯಿತು. ಒಟ್ಟು ಇಳಿಕೆಗೆ ಇದೊಂದೇ ಕಾರಣ ಸಾಲದು ಎಂದು ಆ ಸಂಶೋಧಕರೇ ಪ್ರಾಮಾಣಿಕವಾಗಿ ಬರೆದಿದ್ದಾರೆ. ಆದರೂ ಡಿಮೆನ್ಶಿಯಾ ಹಣೆಬರಹ ಎನ್ನುವವರಿಗೆ ಈ ಅಂಕಿಗಳ ಮುಂದೆ ಉತ್ತರವಿಲ್ಲ.

ಹೃದಯವನ್ನೂ ತಲೆಯನ್ನೂ ಬೇರೆ ಮಾಡಿದ್ದು ಜನಸಾಮಾನ್ಯರಲ್ಲ, ವೈದ್ಯಶಾಸ್ತ್ರವೇ ಎಂಬುದನ್ನೂ ಒಪ್ಪಬೇಕು. ಫ್ರಾಂಕ್‌ಫರ್ಟಿನ ಆಸ್ಪತ್ರೆಯಲ್ಲಿ ಆಗಸ್ಟೆ ಡೀಟರ್ ಎಂಬ 51 ವರ್ಷದ ಹೆಂಗಸಿನ ಮರೆವನ್ನು ಗಮನಿಸಿದ ಅಲೋಯಿಸ್ ಅಲ್ಝೈಮರ್, ಆಕೆ ಸತ್ತ ಮೇಲೆ ಮಿದುಳನ್ನು ಸೂಕ್ಷ್ಮದರ್ಶಕದಡಿ ನೋಡಿ, 1906ರಲ್ಲಿ ತಾನು ಕಂಡ ಕರಣೆಗಳನ್ನೂ ಎಳೆಗಳ ಸಿಕ್ಕುಗಳನ್ನೂ ವರದಿ ಮಾಡಿದ. ಅದು ನಡುವಯಸ್ಸಿನವರ ಅಪರೂಪದ ಕಾಯಿಲೆ, ಮುದುಕರ ಮರೆವಿಗೆ ರಕ್ತನಾಳ ಗಟ್ಟಿಯಾಗುವುದೇ ಕಾರಣ ಎಂದು ವೈದ್ಯರು ದಶಕಗಳ ಕಾಲ ನಂಬಿದರು. 1970ರ ದಶಕದಲ್ಲಿ ಅಭಿಪ್ರಾಯ ತಿರುಗಿತು. ಮುದುಕರ ಮರೆವಿನಲ್ಲೂ ಹೆಚ್ಚಿನದು ಅಲ್ಝೈಮರ್ ಎಂದಾಯಿತು. ರಕ್ತನಾಳದಿಂದ ಬರುವ ಡಿಮೆನ್ಶಿಯಾಕ್ಕೆ ಬೇರೆಯೇ ಹೆಸರು, ಬೇರೆಯೇ ಖಾನೆ ಸಿಕ್ಕಿತು. ಒಬ್ಬ ರೋಗಿಗೆ ಇದು ಇಲ್ಲವೇ ಅದು ಎಂದು ಗುರುತು ಹಾಕುವ ಅಂಕಪಟ್ಟಿಗಳೂ ಬಂದವು. ಖಾನೆಗಳು ಪುಸ್ತಕದಲ್ಲಿ ಉಳಿದವು. ಮಿದುಳುಗಳು ಖಾನೆಗಳಿಗೆ ಹೊಂದಲಿಲ್ಲ.

ಹೊಂದಲಿಲ್ಲ ಎಂಬುದಕ್ಕೆ ಅತ್ಯುತ್ತಮ ಸಾಕ್ಷಿ ಕೊಟ್ಟವರು ಕ್ರೈಸ್ತ ಸನ್ಯಾಸಿನಿಯರು. ಕಾನ್ವೆಂಟುಗಳ ನಡುವೆಯೇ ಬೆಳೆದ ಮಂಗಳೂರಿಗರಿಗೆ ಈ ಕಥೆ ಹತ್ತಿರದ್ದು ಎನಿಸಬೇಕು. ಅಮೆರಿಕದ ಸ್ಕೂಲ್ ಸಿಸ್ಟರ್ಸ್ ಆಫ್ ನೋತ್ರ್ ದಾಮ್ ಸಭೆಯ ಸಿಸ್ಟರುಗಳು ತಮ್ಮ ಮಿದುಳನ್ನು ಸತ್ತ ಮೇಲೆ ಪರೀಕ್ಷೆಗೆ ಕೊಡಲು ಒಪ್ಪಿದ್ದರು. ಒಂದೇ ಬಗೆಯ ಊಟ, ಒಂದೇ ಬಗೆಯ ದಿನಚರಿ, ಮದ್ಯ-ತಂಬಾಕಿನ ತಂಟೆ ಇಲ್ಲ, ಸಂಶೋಧಕರಿಗೆ ಇದಕ್ಕಿಂತ ಒಳ್ಳೆಯ ಗುಂಪು ಸಿಗದು. ಡೇವಿಡ್ ಸ್ನೋಡನ್ ಮತ್ತು ಸಂಗಡಿಗರು 1997ರಲ್ಲಿ 102 ಸಿಸ್ಟರುಗಳ ಮಿದುಳುಗಳ ವರದಿ ಕೊಟ್ಟರು. ಅವರಲ್ಲಿ 61 ಮಂದಿಯ ಮಿದುಳಿನಲ್ಲಿ ಅಲ್ಝೈಮರ್ ಎನ್ನಲು ಬೇಕಾದಷ್ಟು ಗುರುತುಗಳಿದ್ದವು. ಆದರೆ ಆ 61 ಮಂದಿಯಲ್ಲಿ ಎಲ್ಲರೂ ಬದುಕಿದ್ದಾಗ ಮರೆವಿನಿಂದ ಬಳಲಿದ್ದರು ಎಂದಲ್ಲ. ಅಲ್ಝೈಮರ್ ಗುರುತುಗಳ ಜೊತೆಗೆ, ಮಿದುಳಿನ ಆಳದಲ್ಲಿ ಒಂದೆರಡು ಸಣ್ಣ ರಕ್ತನಾಳ ಕಟ್ಟಿ ಸಾಸಿವೆ-ಹೆಸರುಕಾಳಿನಷ್ಟು ಜಾಗ ಸತ್ತುಹೋಗಿದ್ದವರಲ್ಲಿ ಡಿಮೆನ್ಶಿಯಾದ ಪ್ರಮಾಣ ಬಹಳ ಹೆಚ್ಚಿತ್ತು. ಅಂಥ ಗಾಯವಿಲ್ಲದ ಎಷ್ಟೋ ಮಂದಿ ಅಷ್ಟೇ ಕರಣೆ, ಅಷ್ಟೇ ಸಿಕ್ಕುಗಳನ್ನು ತಲೆಯಲ್ಲಿ ಹೊತ್ತುಕೊಂಡೂ ಕೊನೆಯವರೆಗೆ ಚುರುಕಾಗಿದ್ದರು. ಅಲ್ಝೈಮರ್ ಇದ್ದೂ ಮರೆವು ಬರುವುದೋ ಇಲ್ಲವೋ ಎಂಬುದನ್ನು ಹಲವರಲ್ಲಿ ರಕ್ತನಾಳಗಳು ತೀರ್ಮಾನಿಸಿದ್ದವು.

ಇದರಲ್ಲಿ ಅಚ್ಚರಿ ಪಡುವಂಥದ್ದೇನೂ ಇಲ್ಲ. ದೇಹದ ತೂಕದಲ್ಲಿ ಮಿದುಳಿನ ಪಾಲು ಶೇ 2. ದೇಹ ಬಳಸುವ ಆಮ್ಲಜನಕದಲ್ಲಿ ಅದರ ಪಾಲು ಶೇ 20ರಷ್ಟು. ಅಷ್ಟು ರಕ್ತವನ್ನು ಹಂಚುವುದು ಕೂದಲೆಳೆಗಿಂತ ತೆಳುವಾದ ನಾಳಗಳು. ವರ್ಷಾನುಗಟ್ಟಲೆ ಏರಿದ ಒತ್ತಡದ ಹೊಡೆತಕ್ಕೆ ಆ ನಾಳಗಳ ಗೋಡೆ ದಪ್ಪವಾಗಿ, ಒಳಗಿನ ದಾರಿ ಕಿರಿದಾಗುತ್ತದೆ. ಎಂ.ಆರ್.ಐ. ಚಿತ್ರದಲ್ಲಿ ಅದು ಬಿಳಿ ಮಚ್ಚೆಗಳಾಗಿ ಕಾಣುತ್ತದೆ. ನಾಳಗಳಿಗೆ ಇನ್ನೊಂದು ಕೆಲಸವೂ ಇದೆ. ಅಮಿಲಾಯ್ಡ್ ಎಂಬ ಪ್ರೋಟೀನಿನ ಕಸ ಮಿದುಳಿನಿಂದ ಹೊರಗೆ ಹೋಗುವ ಒಂದು ಮುಖ್ಯ ದಾರಿ ಈ ನಾಳಗಳ ಗೋಡೆಗುಂಟ, ಅವುಗಳ ಮಿಡಿತದ ಬಲದಿಂದ. ಮಳೆಗಾಲದಲ್ಲಿ ಮಂಗಳೂರಿನ ಕೊಟ್ಟಾರ ಚೌಕಿ ಮುಳುಗುವುದು ಮಳೆ ಹೆಚ್ಚಾಯಿತೆಂದು ಮಾತ್ರವಲ್ಲ, ತೋಡಿನಲ್ಲಿ ಹೂಳು ಕಟ್ಟಿತೆಂದು. ಪೆಡಸಾದ ನಾಳಗಳ ಪಕ್ಕದಲ್ಲಿ ಅಮಿಲಾಯ್ಡ್ ಶೇಖರವಾಗುವುದೂ ಹೀಗೆಯೇ.

ಈಗ ಉರಿಯೂತದ ವಿಷಯ. ಗಾಯವಾದ ಕಡೆ ಕೆಂಪಾಗಿ ಊದಿಕೊಳ್ಳುವುದು ದೇಹದ ರಕ್ಷಣೆ. ಕೆಲಸ ಮುಗಿದ ಮೇಲೆ ಅದು ಇಳಿಯಬೇಕು. ಹೊಟ್ಟೆಯ ಬೊಜ್ಜು, ಹತೋಟಿ ತಪ್ಪಿದ ಸಕ್ಕರೆ, ಬೀಡಿ-ಸಿಗರೇಟಿನ ಹೊಗೆ, ಒಸಡಿನ ಕೀವು, ಇವೆಲ್ಲ ಆ ಉರಿಯನ್ನು ಸಣ್ಣ ಪ್ರಮಾಣದಲ್ಲಿ ಹತ್ತಾರು ವರ್ಷ ಆರದಂತೆ ಇಡುತ್ತವೆ. ನೋವಿಲ್ಲ, ಜ್ವರವಿಲ್ಲ. ರಕ್ತದಲ್ಲಿ ಸಿ.ಆರ್.ಪಿ. ಎಂಬ ಪ್ರೋಟೀನ್ ಕೊಂಚ ಏರಿರುತ್ತದೆ, ಅಷ್ಟೆ. ಇದು ಹೃದಯಕ್ಕೆ ಕೆಡುಕು ಎನ್ನುವುದು ಈಗ ಊಹೆಯಾಗಿ ಉಳಿದಿಲ್ಲ. ಹಿಂದೆ ಹೃದಯಾಘಾತವಾಗಿ, ಸಿ.ಆರ್.ಪಿ.ಯೂ ಏರಿದ್ದ ಹತ್ತು ಸಾವಿರಕ್ಕೂ ಹೆಚ್ಚು ಮಂದಿಯ ಮೇಲೆ, ಕೊಲೆಸ್ಟರಾಲನ್ನು ಮುಟ್ಟದೆ ಉರಿಯೂತವನ್ನಷ್ಟೇ ತಗ್ಗಿಸುವ ಕ್ಯಾನಕಿನುಮ್ಯಾಬ್ ಎಂಬ ಔಷಧಿಯನ್ನು ಪರೀಕ್ಷಿಸಿದ ಪ್ರಯೋಗದ ಫಲಿತಾಂಶ 2017ರಲ್ಲಿ ಬಂತು. ಮರು ಆಘಾತದಂಥ ಅನಾಹುತಗಳು ಸುಮಾರು ಶೇ 15ರಷ್ಟು ಕಡಿಮೆಯಾಗಿದ್ದವು.

ಅದೇ ಉರಿ ಮಿದುಳಿಗೂ ತಾಗುತ್ತದೆ. ರಕ್ತಕ್ಕೂ ಮಿದುಳಿಗೂ ನಡುವೆ ಇರುವ ತಡೆಗೋಡೆ ಇದರಿಂದ ಸಡಿಲವಾಗುತ್ತದೆ, ಮಿದುಳಿನ ಕಾವಲು ಕೋಶಗಳಾದ ಮೈಕ್ರೋಗ್ಲಿಯಾ ಕೆರಳುತ್ತವೆ. ಅಮೆರಿಕದ ಎ.ಆರ್.ಐ.ಸಿ. ಅಧ್ಯಯನದಲ್ಲಿ 1980ರ ದಶಕದ ಕೊನೆಯಲ್ಲಿ ಸರಾಸರಿ 53 ವಯಸ್ಸಿನವರ ರಕ್ತದಲ್ಲಿ ಉರಿಯೂತದ ಗುರುತುಗಳನ್ನು ಅಳೆದಿದ್ದರು. 24 ವರ್ಷಗಳ ನಂತರ ಅವರಲ್ಲಿ 1,633 ಮಂದಿಯ ಮಿದುಳನ್ನು ಸ್ಕ್ಯಾನ್ ಮಾಡಿದರು. ಅಂದು ಗುರುತುಗಳು ಹೆಚ್ಚಿದ್ದವರಲ್ಲಿ, ನೆನಪಿನ ಕೆಲಸಕ್ಕೆ ಮುಖ್ಯವಾದ ಹಿಪ್ಪೊಕ್ಯಾಂಪಸ್ ಎಂಬ ಭಾಗ ಸ್ಕ್ಯಾನಿನಲ್ಲಿ ಸಣ್ಣದಾಗಿ ಕಂಡಿತು. ಒಂದರಿಂದಲೇ ಇನ್ನೊಂದು ಆಯಿತು ಎಂದು ಇಂಥ ಅಧ್ಯಯನ ಸಾಧಿಸಲಾರದು. ಆದರೆ ಕಾಲು ಶತಮಾನ ಮೊದಲೇ ಸುಳಿವು ಇತ್ತು ಎಂಬುದನ್ನಂತೂ ಅಲ್ಲಗಳೆಯುವ ಹಾಗಿಲ್ಲ.

ಇಷ್ಟು ಹೇಳುತ್ತಿದ್ದಂತೆಯೇ ಇನ್ನೊಂದು ಗುಂಪು ಕುಣಿಯುತ್ತ ಬರುತ್ತದೆ. 'ಉರಿಯೂತ ನಿವಾರಕ' ಅರಿಸಿನದ ಕ್ಯಾಪ್ಸೂಲ್, 'ಡಿಟಾಕ್ಸ್' ಕಷಾಯ, ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ಚಿನ್ನದ ಬಣ್ಣದ ಹಾಲು. ಅರುವತ್ತಕ್ಕೆ ಅರಳು ಮರಳು ಎನ್ನುವವರಿಗಿಂತ ಇವರೇ ಹೆಚ್ಚು ಅಪಾಯಕಾರಿ, ಏಕೆಂದರೆ ಇವರ ಬಾಯಲ್ಲಿ ಅರ್ಧ ವಿಜ್ಞಾನವಿದೆ. ಉರಿಯೂತವನ್ನು ಮಾತ್ರೆಯಿಂದ ತಗ್ಗಿಸಿ ಅಲ್ಝೈಮರ್ ತಡೆಯಬಹುದೇ ಎಂದು ಅಮೆರಿಕದಲ್ಲಿ 2001ರಲ್ಲೇ ಪ್ರಯೋಗ ಶುರುವಾಗಿತ್ತು. ಮನೆತನದಲ್ಲಿ ಕಾಯಿಲೆ ಇದ್ದ, ಎಪ್ಪತ್ತು ದಾಟಿದ ಎರಡೂವರೆ ಸಾವಿರ ಮಂದಿಯ ಮೇಲೆ ನ್ಯಾಪ್ರೋಕ್ಸೆನ್, ಸೆಲೆಕಾಕ್ಸಿಬ್ ಎಂಬ ನೋವುನಿವಾರಕಗಳನ್ನು ಪರೀಕ್ಷಿಸಿದರು. ಹೃದಯಕ್ಕೆ ಅಪಾಯವಾದೀತೆಂಬ ಭಯದಿಂದ 2004ರ ಕೊನೆಗೆ ಮಾತ್ರೆ ನಿಲ್ಲಿಸಬೇಕಾಯಿತು. ಮರೆವಿಗೆ ತಡೆಯೂ ಸಿಗಲಿಲ್ಲ. ಗಿಂಕ್ಗೊ ಎಲೆಯ ಸಾರದ ಕಥೆಯೂ ಅಷ್ಟೆ. 3,069 ಮಂದಿಯ ಮೇಲೆ ಸುಮಾರು ಆರು ವರ್ಷ ಪರೀಕ್ಷಿಸಿದರು, 2008ರ ವರದಿಯಲ್ಲಿ ಲಾಭ ಸೊನ್ನೆ. ಹೊಗೆ ಏಳುತ್ತಿದೆ ಎಂದು ಹೊಗೆಗೆ ಬೀಸಣಿಗೆ ಹಿಡಿದು ಫಲವಿಲ್ಲ. ಬೊಜ್ಜು, ಸಕ್ಕರೆ, ಒತ್ತಡ, ತಂಬಾಕು, ಕೈ ಹಾಕಬೇಕಾದ ಜಾಗಗಳು ಇವು. ಇವನ್ನು ಬಾಟ್ಲಿಯಲ್ಲಿ ತುಂಬಿ ಮಾರಲು ಬರುವುದಿಲ್ಲ ಎಂಬುದೇ ಇವುಗಳಿಗೆ ಜಾಹೀರಾತು ಸಿಗದಿರುವುದಕ್ಕೆ ಕಾರಣ.

ಒಂದೆಲಗದ ಬಗ್ಗೆ ಜಗಳವಿಲ್ಲ. ತುಳುವರ ತಿಮರೆ ಚಟ್ನಿ ರುಚಿಯಾದದ್ದು, ಅನ್ನದ ಜೊತೆ ಧಾರಾಳವಾಗಿ ತಿನ್ನಬಹುದು. ಬಿ.ಪಿ. ಮಾತ್ರೆಯ ಸ್ಥಾನದಲ್ಲಿ ಕೂರಿಸಿದಾಗ ಮಾತ್ರ ತಕರಾರು.

ತಲೆಗೆ ಕೆಲಸ ಕೊಟ್ಟರೆ ಸಾಕು ಎಂಬ ವಾದಕ್ಕೆ ಇನ್ನಷ್ಟು ಬಲವಿದೆ, ಅದನ್ನು ತಳ್ಳಿಹಾಕಬಾರದು. ಈಗ ನಿಮ್ಹಾನ್ಸ್‌ನಲ್ಲಿರುವ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ 648 ರೋಗಿಗಳನ್ನು ನೋಡಿ 2013ರಲ್ಲಿ ಪ್ರಕಟಿಸಿದ ವರದಿ ಪ್ರಪಂಚದಾದ್ಯಂತ ಸುದ್ದಿಯಾಯಿತು. ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ಡಿಮೆನ್ಶಿಯಾ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿತ್ತು, ಶಾಲೆಯ ಮುಖ ನೋಡದವರಲ್ಲೂ. ಮನೆಯಲ್ಲಿ ತುಳು ಅಥವಾ ಕೊಂಕಣಿ ಅಥವಾ ಬ್ಯಾರಿ, ಪೇಟೆಯಲ್ಲಿ ಕನ್ನಡ, ಕಚೇರಿಯಲ್ಲಿ ಇಂಗ್ಲಿಷ್, ಮೀನಿನ ಧಕ್ಕೆಯಲ್ಲಿ ಮಲಯಾಳ ಎನ್ನುವ ಮಂಗಳೂರಿಗರು ಇದನ್ನೋದಿ ಬೀಗಿದರೆ ತಪ್ಪಿಲ್ಲ. ಆದರೆ ಇದೇ ಊರಿನಲ್ಲಿ 1930ರಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಹತ್ತು ಭಾಷೆ ಬಲ್ಲವರೆಂದು ಹೆಸರಾಗಿದ್ದರು. 1974ರ ರೈಲ್ವೆ ಮುಷ್ಕರ, ಕೊಂಕಣ ರೈಲ್ವೆ, ರಕ್ಷಣಾ ಖಾತೆ, ಜೀವನವಿಡೀ ತಲೆಗೆ ಬಿಡುವೇ ಇರಲಿಲ್ಲ. 2019ರ ಜನವರಿಯಲ್ಲಿ ತೀರಿಕೊಳ್ಳುವ ಮುಂಚಿನ ಸುಮಾರು ಒಂದು ದಶಕ ಅಲ್ಝೈಮರ್ ಅವರ ನೆನಪನ್ನು ಕಿತ್ತುಕೊಂಡಿತ್ತು. ಅವರಿಗೆ ಯಾಕೆ ಬಂತು ಎಂದು ದೂರದಿಂದ ಹೇಳುವುದು ಉದ್ಧಟತನ. ಚುರುಕು ಬುದ್ಧಿ ಒಂದೇ ರಕ್ಷೆ ಎನ್ನುವವರು ಮಾತ್ರ ಅವರನ್ನೊಮ್ಮೆ ನೆನೆಯಬೇಕು. ಭಾಷೆ, ಓದು, ಹರಟೆ ಮಿದುಳಿಗೆ ಉಳಿತಾಯದ ಬಲ ಕೊಡುತ್ತವೆ. ಕಟ್ಟಿದ ನಾಳವನ್ನು ಅವು ತೆರೆಯಲಾರವು.

ಇನ್ನು ಬಿ.ಪಿ. ಬಗ್ಗೆ ಬೇರೂರಿದ ಒಂದು ಸೂತ್ರವನ್ನು ಕಿತ್ತು ಎಸೆಯಬೇಕು: ನೂರಕ್ಕೆ ವಯಸ್ಸು ಕೂಡಿಸಿದರೆ ಬರುವುದೇ ನಾರ್ಮಲ್, ಎಪ್ಪತ್ತರವರಿಗೆ 170 ಇದ್ದರೆ ಚಿಂತೆಯಿಲ್ಲ. ಇದು ಒಂದು ಕಾಲದ ಡಾಕ್ಟರುಗಳೇ ಬಿಟ್ಟುಹೋದ ಬಳುವಳಿ. ಗಟ್ಟಿಯಾದ ನಾಳದಲ್ಲಿ ರಕ್ತ ನುಗ್ಗಬೇಕಾದರೆ ಒತ್ತಡ ಏರಲೇಬೇಕು, ಇಳಿಸಿದರೇ ಅಪಾಯ ಎಂದು ಅವರು ಕಲಿತಿದ್ದರು. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ವರ್ಷಗಟ್ಟಲೆ ಏರುತ್ತ ಹೋದ ಒತ್ತಡದೊಡನೆಯೇ ಯುದ್ಧ ನಡೆಸಿದರು. 1945ರ ಏಪ್ರಿಲ್ 12ರಂದು ಮಿದುಳಿನ ರಕ್ತಸ್ರಾವದಿಂದ ಕುಸಿದಾಗ ಅವರ ಬಿ.ಪಿ. 300/190 ಇತ್ತು. ಫ್ರೇಮಿಂಗ್‌ಹ್ಯಾಮ್ ಅಧ್ಯಯನ ಶುರುವಾದದ್ದು ಅದಾದ ಮೂರು ವರ್ಷಕ್ಕೆ. ಆ ಸೂತ್ರವನ್ನು ವೈದ್ಯಶಾಸ್ತ್ರ ಕೈಬಿಟ್ಟು ಎಷ್ಟೋ ಕಾಲವಾಯಿತು, ನಮ್ಮ ಜಗಲಿಗಳು ಬಿಟ್ಟಿಲ್ಲ.

ಲಂಡನ್ನಿನ ಸರ್ಕಾರಿ ನೌಕರರನ್ನು ದಶಕಗಳ ಕಾಲ ಹಿಂಬಾಲಿಸಿದ ವೈಟ್‌ಹಾಲ್ ಅಧ್ಯಯನದ 2018ರ ವರದಿ ಇದಕ್ಕೆ ಇನ್ನಷ್ಟು ಚುರುಕಾದ ಪೆಟ್ಟು ಕೊಟ್ಟಿತು. ಐವತ್ತನೆಯ ವಯಸ್ಸಿಗೆ ಮೇಲಿನ ಸಂಖ್ಯೆ 130 ದಾಟಿದವರಿಗೆ ಮುಂದೆ ಡಿಮೆನ್ಶಿಯಾ ಬರುವ ಸಂಭವ ಹೆಚ್ಚು, ಹೃದಯದ ಕಾಯಿಲೆ ಕಾಣಿಸಿಕೊಳ್ಳದೆ ಇದ್ದರೂ. ಅರುವತ್ತು, ಎಪ್ಪತ್ತರಲ್ಲಿ ಅಳೆದಾಗ ಅಂಥ ನಂಟು ಸಿಗಲಿಲ್ಲ. ಅರಳು ಮರಳಿಗೆ ಅರುವತ್ತನ್ನು ಕಾಯುತ್ತ ಕೂತವರು ಕಡೇ ಪಕ್ಷ ಹತ್ತು ವರ್ಷ ತಡವಾಗಿ ಎಚ್ಚರಗೊಳ್ಳುತ್ತಾರೆ.

ಒತ್ತಡ ಇಳಿಸಿದರೆ ಮರೆವು ನಿಜಕ್ಕೂ ಕಡಿಮೆಯಾಗುತ್ತದೆಯೇ? ಅಮೆರಿಕದಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಮಂದಿಯ ಮೇಲೆ ನಡೆದ ಸ್ಪ್ರಿಂಟ್ ಪ್ರಯೋಗದಲ್ಲಿ ಕೆಲವರ ಒತ್ತಡವನ್ನು 140ರೊಳಗೆ, ಉಳಿದವರದನ್ನು 120ರೊಳಗೆ ತರುವ ಗುರಿ ಇಟ್ಟರು. 2019ರ ವರದಿಯ ಪ್ರಕಾರ 120ರ ಗುಂಪಿನಲ್ಲಿ ಮರೆವಿನ ಮೊದಲ ಹಂತ ಶೇ 19ರಷ್ಟು ಕಡಿಮೆ. ಪೂರ್ಣ ಡಿಮೆನ್ಶಿಯಾದಲ್ಲೂ ಇಳಿಕೆ ಕಂಡಿತು, ಆದರೆ ಖಚಿತವಾಗಿ ಹೇಳುವಷ್ಟಿರಲಿಲ್ಲ. ಪ್ರಯೋಗವನ್ನು ಬೇಗ ನಿಲ್ಲಿಸಿದ್ದರು. ಉಳಿದ ಅನುಮಾನವನ್ನು ಬಹುಮಟ್ಟಿಗೆ ತೀರಿಸಿದ್ದು ಚೀನಾದ ಹಳ್ಳಿಗಳು. 326 ಹಳ್ಳಿಗಳ ಸುಮಾರು 34 ಸಾವಿರ ಮಂದಿ, ಎಲ್ಲರಿಗೂ ಹತೋಟಿಯಿಲ್ಲದ ರಕ್ತದೊತ್ತಡ. ಅರ್ಧ ಹಳ್ಳಿಗಳಲ್ಲಿ ವೈದ್ಯ ಪದವಿಯಿಲ್ಲದ ಊರಿನ ಆರೋಗ್ಯ ಕಾರ್ಯಕರ್ತರೇ, ವೈದ್ಯರ ಮೇಲ್ವಿಚಾರಣೆಯಲ್ಲಿ, ಅಗ್ಗದ ಮಾತ್ರೆಗಳನ್ನು ಪಟ್ಟುಹಿಡಿದು ಕೊಟ್ಟರು. ಉಳಿದ ಹಳ್ಳಿಗಳಲ್ಲಿ ಮಾಮೂಲಿ ಚಿಕಿತ್ಸೆ. ನಾಲ್ಕು ವರ್ಷಕ್ಕೆ ಮೊದಲ ಗುಂಪಿನಲ್ಲಿ ಡಿಮೆನ್ಶಿಯಾ ಶೇ 15ರಷ್ಟು ಕಡಿಮೆಯಾಗಿತ್ತು. ಫಲಿತಾಂಶ 2025ರಲ್ಲಿ ಪ್ರಕಟವಾಯಿತು. ಈ ಚಿಕಿತ್ಸೆಗೆ ಎಂ.ಆರ್.ಐ. ಯಂತ್ರ ಬೇಕಿರಲಿಲ್ಲ, ನರರೋಗ ತಜ್ಞರ ಅಪಾಯಿಂಟ್‌ಮೆಂಟೂ ಬೇಕಿರಲಿಲ್ಲ.

ಎದುರು ವಾದಗಳಿವೆ. ದಿನಕ್ಕೊಂದು ಕಟ್ಟು ಬೀಡಿ ಸೇದಿ, ತೊಂಬತ್ತೈದಕ್ಕೆ ಯಕ್ಷಗಾನದ ಪದ ಬಾಯಿಪಾಠ ಹೇಳುತ್ತಿದ್ದ ಅಜ್ಜ ಪ್ರತಿ ಊರಿನಲ್ಲೂ ಒಬ್ಬರಿರುತ್ತಾರೆ. ಇರಲಿ, ಸಂತೋಷ. ಆ ಅಜ್ಜನ ಜೊತೆ ಸೇದಿ ಐವತ್ತೈದಕ್ಕೇ ಹೋದವರು ಕಥೆ ಹೇಳಲು ಉಳಿದಿಲ್ಲ. ವಂಶವಾಹಿಯ ಪಾತ್ರವೂ ನಿಜ, ಎ.ಪಿ.ಒ.ಇ.-4 ಎಂಬ ಜೀನ್ ಇದ್ದವರಿಗೆ ಅಪಾಯ ಹೆಚ್ಚು, ಅದನ್ನು ಬದಲಿಸಲು ಬರುವುದಿಲ್ಲ. ಲ್ಯಾನ್ಸೆಟ್ ಆಯೋಗ 2024ರಲ್ಲಿ ಪಟ್ಟಿ ಮಾಡಿದ್ದು ಬದಲಿಸಲು ಬರುವ 14 ಕಾರಣಗಳನ್ನು. ಅವೆಲ್ಲವನ್ನೂ ತೆಗೆದರೆ ಪ್ರಪಂಚದ ಡಿಮೆನ್ಶಿಯಾದಲ್ಲಿ ಶೇ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು ಅದರ ಅಂದಾಜು. ಕಿವಿ ಮಂದವಾಗುವುದು, ಓದು ಸಿಗದಿರುವುದು, ಒಂಟಿತನ, ಇವೂ ಅದರಲ್ಲಿವೆ, ಎಲ್ಲವೂ ಹೃದಯದ ಲೆಕ್ಕಕ್ಕೆ ಬಾರದು. ಆದರೆ ರಕ್ತದೊತ್ತಡ, ಸಕ್ಕರೆ, ಬೊಜ್ಜು, ಎಲ್.ಡಿ.ಎಲ್. ಕೊಬ್ಬು, ತಂಬಾಕು, ಮೈಬಗ್ಗಿಸದ ಬದುಕು ಎಂಬ ಆರು ಕಾರಣಗಳು ಯಾವ ಹೃದಯ ತಜ್ಞರ ಗೋಡೆಯ ಮೇಲೂ ಸಿಗುತ್ತವೆ. ಎಂಬತ್ತು ದಾಟಿದವರಿಗೆ ಒತ್ತಡವನ್ನು ಅತಿಯಾಗಿ ಇಳಿಸಿದರೆ ತಲೆ ಸುತ್ತಿ ಬಿದ್ದು ಸೊಂಟ ಮುರಿಯಬಹುದು ಎನ್ನುವ ಆಕ್ಷೇಪ ಮಾತ್ರ ಗಂಭೀರವಾದದ್ದು. ಅವರ ಮಾತ್ರೆಯನ್ನು ಏರಿಸುವ, ಇಳಿಸುವ ಕೆಲಸ ಡಾಕ್ಟರದ್ದು, ಪಕ್ಕದ ಮನೆಯವರದ್ದಲ್ಲ.

ಕರ್ನಾಟಕದಲ್ಲಿ ಹೃದಯದ ಭಯಕ್ಕೆ ಕೊರತೆಯಿಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿಗೆ ಹೋದಾಗ ನಾಡು ಬೆಚ್ಚಿತು. ಅವರ ಹೆಸರಿನಲ್ಲೇ ಸರ್ಕಾರ ಹೃದಯ ಜ್ಯೋತಿ ಯೋಜನೆ ತಂದಿತು. 2025ರ ಜೂನ್‌ನಲ್ಲಿ ಹಾಸನ ಜಿಲ್ಲೆಯಲ್ಲಿ ಒಂದರ ಹಿಂದೊಂದು ಸಾವುಗಳು ಸುದ್ದಿಯಾದಾಗ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ನಸುಕಿನಲ್ಲೇ ಸಾಲು ಬೆಳೆಯಿತು. ಹೃದಯಾಘಾತ ಅಸಹಜವಾಗಿ ಏರಿಲ್ಲ ಎಂದು ಜಯದೇವದ ಆಗಿನ ನಿರ್ದೇಶಕ ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಹೇಳಿತು. ಅದು ಬೊಟ್ಟು ಮಾಡಿದ್ದು ಹಳೆಯ ಪರಿಚಿತರನ್ನೇ: ಸಕ್ಕರೆ, ರಕ್ತದೊತ್ತಡ, ತಂಬಾಕು, ಮದ್ಯ. ಆಮೇಲೆ ಸಾಲು ಕರಗಿತು. ಥಟ್ಟನೆ ಕೊಲ್ಲುವುದಕ್ಕೆ ಹೆದರುವ ನಾವು, ಅದೇ ಕಾರಣಗಳು ಮೂವತ್ತು ವರ್ಷ ತೆಗೆದುಕೊಂಡು ಮಾಡುವ ಕೆಲಸಕ್ಕೆ ಹೆದರುವುದಿಲ್ಲ. ಡಿಮೆನ್ಶಿಯಾ ಎಂದರೆ ಕನ್ನಡಿಗರ ಕಣ್ಣಿಗೆ ಕಟ್ಟುವುದು 2016ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಚಿತ್ರದ ಅನಂತನಾಗ್, ಎಲ್ಲಿಯೋ ಕಳೆದುಹೋದ ಅಪ್ಪ. ಮನ ಕಲಕುವ ಚಿತ್ರ. ಅಪ್ಪ ಕಾಣೆಯಾಗುವುದಕ್ಕೆ ಇಪ್ಪತ್ತು ವರ್ಷ ಮೊದಲಿನ ಭಾಗವನ್ನು ಸಿನಿಮಾ ತೋರಿಸಬೇಕೆಂದಿಲ್ಲ, ಆರೋಗ್ಯ ಇಲಾಖೆ ತೋರಿಸಬೇಕು.

ಮಂಗಳೂರಿನಲ್ಲಿ ಇದಕ್ಕೊಂದು ದಾರಿ ಆಗಲೇ ಬಿದ್ದಿದೆ. ಕೆ.ಎಂ.ಸಿ.ಯ ಹೃದಯ ತಜ್ಞ ಪದ್ಮನಾಭ ಕಾಮತ್ 2018ರಲ್ಲಿ 'ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್' ಎಂಬ ಕೆಲಸ ಶುರು ಮಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೂ ಜನೌಷಧಿ ಕೇಂದ್ರಗಳಿಗೂ ಇ.ಸಿ.ಜಿ. ಯಂತ್ರ ಕೊಡಿಸಿದರು. ಹಳ್ಳಿಯಲ್ಲಿ ತೆಗೆದ ಇ.ಸಿ.ಜಿ. ವಾಟ್ಸ್‌ಆ್ಯಪ್‌ನಲ್ಲಿ ತಜ್ಞರ ಕೈ ಸೇರುತ್ತದೆ, ಉತ್ತರ ಕ್ಷಣದಲ್ಲಿ ಬರುತ್ತದೆ. ಆ ಯಂತ್ರದ ಮುಂದೆ ಮಲಗುವ ನಲವತ್ತೈದರ ರಿಕ್ಷಾ ಚಾಲಕನಿಗೆ, ಬೀಡಿ ಕಟ್ಟುವ ಹೆಂಗಸಿಗೆ "ಈ ಬಿ.ಪಿ. ನಿಮ್ಮ ಹಾರ್ಟಿಗೆ ಮಾತ್ರವಲ್ಲ, ನೆನಪಿಗೂ ಕೆಡುಕು" ಎಂದು ಹೇಳಲು ಹೆಚ್ಚಿನ ಖರ್ಚೇನಿಲ್ಲ. ಮನೆಯಲ್ಲಿ ಮಿಡಿ ಉಪ್ಪಿನಕಾಯಿ, ಒಣಮೀನು, ಹಪ್ಪಳ ಮೂರೂ ಒಂದೇ ಗಂಜಿಯ ಬಟ್ಟಲಿನ ಪಕ್ಕ ಬರುತ್ತವೆಯೇ ಎಂದು ಕೇಳುವುದಕ್ಕೂ ಖರ್ಚಿಲ್ಲ. ದಿನಕ್ಕೆ 5 ಗ್ರಾಂ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕರಾವಳಿಯ ಒಂದು ಮಳೆಗಾಲದ ಊಟ ಅದರ ಬಹುಪಾಲನ್ನು ಒಂದೇ ಹೊತ್ತಿಗೆ ಮುಗಿಸಬಲ್ಲದು. ಭೂತಾಯಿ, ಬಂಗುಡೆ ಸಾರಿನ ಬಗ್ಗೆ ದೂರಿಲ್ಲ, ಅದು ಉಳಿಯಲಿ.

ಸರ್ಕಾರದ ಬಳಿ ಬಿಡಿಭಾಗಗಳೆಲ್ಲ ಇವೆ, ಜೋಡಣೆಯೊಂದಿಲ್ಲ. ನಿಮ್ಹಾನ್ಸ್ ಜೊತೆಗೂಡಿ 2022ರಲ್ಲಿ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮ ಒಂದು ಕಡೆ. ಆಶಾ ಕಾರ್ಯಕರ್ತೆಯರು ಮನೆಬಾಗಿಲಿಗೆ ಹೋಗಿ ರಕ್ತದೊತ್ತಡ, ಸಕ್ಕರೆ ನೋಡುವ ಗೃಹ ಆರೋಗ್ಯ ಯೋಜನೆ ಇನ್ನೊಂದು ಕಡೆ. ಅದು ಶುರುವಾದದ್ದು 2024ರಲ್ಲಿ, ಕೋಲಾರದಲ್ಲಿ. ಅದೇ ಕೋಲಾರದ ಶ್ರೀನಿವಾಸಪುರದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ 2018ರಿಂದ ನಲವತ್ತೈದು ದಾಟಿದ ಹತ್ತು ಸಾವಿರ ಹಳ್ಳಿಗರನ್ನು ಗಮನಿಸುವ ಗುರಿಯಿಟ್ಟುಕೊಂಡು ಹೊರಟಿದೆ. ಅಲ್ಲಿ ನೆನಪಿನ ಪರೀಕ್ಷೆಯನ್ನೂ ರಕ್ತದ ಪರೀಕ್ಷೆಯನ್ನೂ ಒಬ್ಬರಿಗೇ ಮಾಡುತ್ತಾರೆ, ಏಕೆಂದರೆ ಸಂಶೋಧಕರು ಹೃದಯವನ್ನೂ ತಲೆಯನ್ನೂ ಬೇರೆ ಮಾಡಿ ನೋಡುವ ಕಾಲ ಮುಗಿಯಿತು. ಬೇರೆ ಮಾಡಿಯೇ ನೋಡುತ್ತಿರುವುದು ಓ.ಪಿ.ಡಿ. ಚೀಟಿ.

ದೇಶದಲ್ಲಿ ಅರುವತ್ತು ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಶಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಲೆಕ್ಕ ಹಾಕಿತು. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ಅದೇ ವರ್ಷದ ಐ.ಸಿ.ಎಂ.ಆರ್. ಅಧ್ಯಯನದ ಪ್ರಕಾರ ವಯಸ್ಕರಲ್ಲಿ ಶೇ 35.5ರಷ್ಟು ಮಂದಿಗೆ ಅಧಿಕ ರಕ್ತದೊತ್ತಡ, ಶೇ 11.4ರಷ್ಟು ಮಂದಿಗೆ ಸಕ್ಕರೆ ಕಾಯಿಲೆ. ಎರಡನೆಯ ಪಟ್ಟಿಯಲ್ಲಿರುವ ಹಲವರು ಮೊದಲನೆಯ ಪಟ್ಟಿಗೆ ಹೋಗುವ ದಾರಿಯಲ್ಲಿದ್ದಾರೆ. ಆದ್ದರಿಂದ ಆರೋಗ್ಯ ಇಲಾಖೆ ಮಾಡಬೇಕಾದ್ದು ಇಷ್ಟು: ಗೃಹ ಆರೋಗ್ಯದ ನಮೂನೆಯಲ್ಲಿ ನೆನಪಿನ ಬಗ್ಗೆ ಎರಡು ಪ್ರಶ್ನೆ ಸೇರಿಸಲಿ. ಬಿ.ಪಿ. ಮಾತ್ರೆ ಬಿಟ್ಟವರ ಮನೆಗೆ ಆಶಾ ಕಾರ್ಯಕರ್ತೆ ಮರಳಿ ಹೋಗುವಂತೆ ಮಾಡಲಿ, ಅದಕ್ಕೆ ಸಂಭಾವನೆಯನ್ನೂ ಕೊಡಲಿ. ವೆನ್ಲಾಕ್ ಸರ್ಕಾರಿ ಆಸ್ಪತ್ರೆಯಿಂದ ಹಿಡಿದು ಕೊಡಿಯಾಲ್‌ಬೈಲ್‌ನ ಖಾಸಗಿ ಆಸ್ಪತ್ರೆಗಳವರೆಗೆ, ನಲವತ್ತು ದಾಟಿದ ಪ್ರತಿಯೊಬ್ಬರ ಒತ್ತಡವನ್ನು ಅವರು ಯಾವ ಕಾಯಿಲೆಗೆ ಬಂದಿದ್ದರೂ ಅಳೆದು, ಸಂಖ್ಯೆಯನ್ನು ಕನ್ನಡದಲ್ಲಿ ಬರೆದು ಅವರ ಕೈಗೇ ಕೊಡಲಿ.